ಪದ ಪರಿಚಯ: ಉಮ್ಮತ್ತ

ಉಮ್ಮತ್ತ: ಗುಂಡ್ಲುಪೇಟೆ ಕಡೆ ಶಿವಪೂಜೆಗೆ ಹೂ ಕೊಯ್ಯುವವರಿಗೆ ಗೊತ್ತಿರುವ ಮುಳ್ಳುಕಾಯಿಯ ಗಿಡ. ಸಂಸ್ಕೃತ ‘ಉನ್ಮತ್ತ’ದ, ಅಂದರೆ ಹುಚ್ಚು ಹಿಡಿದವನ, ತದ್ಭವ. ತಮಿಳಿನ ಊಮತ್ತೈ, ತೆಲುಗಿನ ಉಮ್ಮೆತ್ತ ಇದರ ನಂಟರು. ದತ್ತೂರಿ ಎಂಬ ಇನ್ನೊಂದು ಹೆಸರು ‘ಧತ್ತೂರ’ದ್ದು, ಸಸ್ಯಶಾಸ್ತ್ರದ ‘ಡಟ್ಯೂರ’ವೂ ಅಲ್ಲಿಂದಲೇ.

ಹೆಸರಿಟ್ಟವರು ಬೀಜ ತಿಂದವರನ್ನು ಕಂಡೇ ಇಟ್ಟಿರಬೇಕು: ಬಾಯಿ ಒಣಗಿ, ಕಣ್ಣುಪಾಪೆ ಹಿಗ್ಗಿ, ಎದೆ ಡವಗುಟ್ಟಿ, ಇಲ್ಲದ್ದನ್ನೆಲ್ಲ ಕಂಡು ಬಡಬಡಿಸುತ್ತಾರೆ. ಅಟ್ರೋಪಿನ್‌ ಮತ್ತು ಅದರ ದಾಯಾದಿಗಳ ಕೆಲಸ. ಆಸ್ಪತ್ರೆಯಲ್ಲಿ ಅದೇ ಅಟ್ರೋಪಿನ್ ಮದ್ದು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಬೆರೆಸಿದ್ದ ಮಾನೋಕ್ರೋಟೊಫಾಸ್‌ನಂಥ ಕೀಟನಾಶಕ ಹೊಟ್ಟೆ ಸೇರಿದರೆ ಜೊಲ್ಲು ಸುರಿದು ಉಸಿರುನಾಳದಲ್ಲಿ ನೀರು ತುಂಬುತ್ತದೆ. ಅದನ್ನು ಒಣಗಿಸಲು ವೈದ್ಯರು ಚುಚ್ಚುವುದು ಅಟ್ರೋಪಿನ್ನನ್ನೇ. ಹಾಗೆಂದು ಸೊಪ್ಪು ಅರೆದು ಕುಡಿಸುವಂತಿಲ್ಲ, ಯಾವ ಗಿಡದಲ್ಲಿ ವಿಷ ಎಷ್ಟೆಂದು ಅಳೆಯಲಾಗದು.