ಮಿದುಳಿನ ನಕ್ಷೆ: ನರರೋಗ ನಿದಾನದಲ್ಲಿ ಅದರ ಇತಿಹಾಸ

ಮಿದುಳಿನ ಯಾವ ಭಾಗ ಯಾವ ಕೆಲಸ ನಡೆಸುತ್ತದೆ ಎಂದು ಗುರುತಿಸಿ, ಆ ತಿಳಿವಿನ ಬಲದಿಂದ ರೋಗದ ನೆಲೆಯನ್ನೂ ಸ್ವರೂಪವನ್ನೂ ಪತ್ತೆಮಾಡುವ ವಿಧಾನಗಳಿಗೆ ಒಟ್ಟಾರೆಯಾಗಿ ಬ್ರೈನ್ ಮ್ಯಾಪಿಂಗ್ ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಹೆಸರು ಬಹಳ ಮಂದಿಯ ಕಿವಿಗೆ ಬಿದ್ದದ್ದು ಮಂಪರು ಪರೀಕ್ಷೆಯ ಜೊತೆಗೆ, ಪೊಲೀಸ್ ತನಿಖೆಯ ಸುದ್ದಿಗಳಿಂದ. ಆದರೆ ಈ ವಿದ್ಯೆ ಹುಟ್ಟಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಯಂತ್ರಗಳಿಲ್ಲದ ಕಾಲದಲ್ಲಿ ವೈದ್ಯರು ರೋಗಿಯ ಮಾತು, ನಡಿಗೆ, ಸೆಳೆತಗಳನ್ನು ಗಮನಿಸಿಯೇ ಮೊದಲ ನಕ್ಷೆ ಬರೆದರು.

1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ಯ್ ಎಂಬ ರೋಗಿ ಸತ್ತ. ಅವನಿಗೆ ಮಾತು ಅರ್ಥವಾಗುತ್ತಿತ್ತು; ಆದರೆ ವರ್ಷಗಳಿಂದ ಅವನ ಬಾಯಿಂದ ಹೊರಡುತ್ತಿದ್ದದ್ದು ಹೆಚ್ಚುಕಡಿಮೆ 'ತಾನ್' ಎಂಬ ಒಂದೇ ಉಚ್ಚಾರ. ಶಸ್ತ್ರವೈದ್ಯ ಪಾಲ್ ಬ್ರೋಕಾ ಮಿದುಳನ್ನು ಪರೀಕ್ಷಿಸಿದಾಗ ಎಡಗಡೆಯ ಮುಂಭಾಗದ ಹಾಲೆ ಹಾಳಾಗಿರುವುದು ಕಂಡಿತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯ ತೊಡಕನ್ನು ವಿವರಿಸಿದ: ಮಾತು ಸರಾಗ, ಆದರೆ ಅದಕ್ಕೆ ಅರ್ಥವಿಲ್ಲ, ಹಾನಿ ಎಡಗಿವಿಯ ಮೇಲ್ಭಾಗಕ್ಕೆ ಹತ್ತಿರದ ಹಾಲೆಯಲ್ಲಿ. ಪಾರ್ಶ್ವವಾಯು ಹೊಡೆದವರ ಮಾತು ಕೇಳಿಯೇ ಪೆಟ್ಟು ಬಿದ್ದ ಜಾಗವನ್ನು ಊಹಿಸುವ ಕ್ರಮ ಇಲ್ಲಿಂದ ಬೆಳೆಯಿತು.

ಈ ಇತಿಹಾಸದಲ್ಲಿ ಅತ್ಯಂತ ತೀಕ್ಷ್ಣ ಬುದ್ಧಿ ಲಂಡನ್ನಿನ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಅವರದು ಎನ್ನಬೇಕು. ಕೆಲವು ರೋಗಿಗಳಲ್ಲಿ ಸೆಳೆತ ಹೆಬ್ಬೆರಳಿನಲ್ಲಿ ಶುರುವಾಗಿ ಕೈ, ತೋಳು, ಮುಖ ಎಂದು ಒಂದು ಕ್ರಮದಲ್ಲಿ ಹರಡುವುದನ್ನು ಅವರು ಕಂಡರು. ದೇಹದ ಅಂಗಗಳು ಮಿದುಳಿನ ಮೇಲ್ಪದರದಲ್ಲಿಯೂ ಅಕ್ಕಪಕ್ಕದಲ್ಲಿ ಜೋಡಣೆಗೊಂಡಿರದಿದ್ದರೆ ಈ ಕ್ರಮ ಸಾಧ್ಯವಿಲ್ಲ ಎಂದು ತರ್ಕಿಸಿದರು. ಫ್ರಿಟ್ಶ್ ಮತ್ತು ಹಿಟ್ಸಿಗ್ 1870ರಲ್ಲಿ ನಾಯಿಯ ಮಿದುಳಿಗೆ ವಿದ್ಯುತ್ ತಾಗಿಸಿ ಎದುರು ಬದಿಯ ಕಾಲು ಅಲುಗುವುದನ್ನು ತೋರಿಸಿದರು. ಡೇವಿಡ್ ಫೆರಿಯರ್ ಮಂಗಗಳ ಮೇಲೆ ಇಂಥದೇ ಪ್ರಯೋಗ ನಡೆಸಿ ವಿವರವಾದ ನಕ್ಷೆ ಕೊಟ್ಟರು.

ಆ ನಕ್ಷೆ 1884ರ ನವೆಂಬರ್ 25ರಂದು ಪರೀಕ್ಷೆಗೆ ಬಂತು. ಸೆಳೆತ ಮತ್ತು ಎಡಗೈಯ ನಿಶ್ಶಕ್ತಿಯಿಂದ ನರಳುತ್ತಿದ್ದ ಯುವಕನನ್ನು ಪರೀಕ್ಷಿಸಿದ ಹ್ಯೂಸ್ ಬೆನೆಟ್, ಬಲ ಮಿದುಳಿನಲ್ಲಿ ಇಂಥ ಕಡೆ ಗಡ್ಡೆಯಿದೆ ಎಂದು ನಿರ್ಧರಿಸಿದರು. ತಲೆಬುರುಡೆಯ ಮೇಲೆ ಯಾವ ಗುರುತೂ ಇರಲಿಲ್ಲ. ಎಕ್ಸ್‌-ರೇ ಶೋಧಕ್ಕೆ ಇನ್ನೂ 11 ವರ್ಷವಿತ್ತು. ರಿಕ್‌ಮನ್ ಗಾಡ್ಲೀ ಬುರುಡೆ ತೆರೆದಾಗ ಗಡ್ಡೆ ಹೇಳಿದ ಜಾಗದಲ್ಲಿಯೇ ಸಿಕ್ಕಿತು. ಸೋಂಕು ತಗುಲಿ ರೋಗಿ ಸುಮಾರು ನಾಲ್ಕು ವಾರಗಳಲ್ಲಿ ತೀರಿಕೊಂಡ. ರೋಗಿ ಉಳಿಯದಿದ್ದರೂ ನಿದಾನ ಸರಿಯಾಗಿತ್ತು.

1909ರಲ್ಲಿ ಕೊರ್ಬಿನಿಯನ್ ಬ್ರಾಡ್‌ಮನ್ ಜೀವಕೋಶಗಳ ಜೋಡಣೆಯನ್ನು ಆಧರಿಸಿ ಮೇಲ್ಪದರವನ್ನು ಸಂಖ್ಯೆಗಳಿಂದ ವಿಂಗಡಿಸಿದ. ಆ ಸಂಖ್ಯೆಗಳು ಇಂದಿಗೂ ಬಳಕೆಯಲ್ಲಿವೆ.

ಬದುಕಿರುವ ಮನುಷ್ಯನ ಮಿದುಳಿನ ಚಟುವಟಿಕೆಯನ್ನು ಹೊರಗಿನಿಂದಲೇ ದಾಖಲಿಸುವ ದಾರಿ ತೋರಿದವನು ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್. 1924ರಲ್ಲಿ ಮೊದಲ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ) ದಾಖಲೆ ಪಡೆದು 1929ರಲ್ಲಿ ಪ್ರಕಟಿಸಿದ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದ ಮೇಲೆ ಕೆಲಸ ವೇಗವಾಗಿ ಸಾಗಿತು. ಕ್ಷಣಕಾಲ ಎಚ್ಚರ ತಪ್ಪಿ ದಿಟ್ಟಿಸುವ ಮಕ್ಕಳ ಅಪಸ್ಮಾರದಲ್ಲಿ ಸೆಕೆಂಡಿಗೆ ಮೂರರಂತೆ ಅಲೆಗಳು ಬರುವುದನ್ನು 1935ರಲ್ಲಿ ಬಾಸ್ಟನ್ ವೈದ್ಯರು ತೋರಿಸಿದರು. ಗಡ್ಡೆಯ ಸುತ್ತಲಿನ ಮಿದುಳಿನಿಂದ ನಿಧಾನವಾದ ಅಲೆಗಳು ಹೊಮ್ಮುತ್ತವೆ ಎಂಬುದನ್ನು ಮರುವರ್ಷ ಗ್ರೇ ವಾಲ್ಟರ್ ಕಂಡುಕೊಂಡರು.

ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಅಪಸ್ಮಾರದ ಶಸ್ತ್ರಚಿಕಿತ್ಸೆಯನ್ನು ರೋಗಿ ಎಚ್ಚರವಿರುವಾಗಲೇ ಮಾಡುತ್ತಿದ್ದರು. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ನೆತ್ತಿಯ ಚರ್ಮಕ್ಕೆ ಮರವಳಿಕೆ ಕೊಟ್ಟರೆ ಸಾಕು. ಮೇಲ್ಪದರಕ್ಕೆ ಸಣ್ಣ ವಿದ್ಯುತ್ ತಾಗಿಸಿ, ರೋಗಿ ಹೇಳಿದ್ದನ್ನು ಕೇಳಿ, ಆಯಾ ಜಾಗದಲ್ಲಿ ಅಂಕಿಯ ಚೀಟಿ ಇಡುತ್ತಿದ್ದರು. ಕತ್ತರಿಸಬಾರದ ಜಾಗಗಳು ಹೀಗೆ ಗೊತ್ತಾಗುತ್ತಿದ್ದವು. ಇಂದಿಗೂ ಮಾತಿನ ಕೇಂದ್ರದ ಬಳಿಯ ಗಡ್ಡೆಗಳಿಗೆ ಈ ಕ್ರಮ ಬಳಕೆಯಲ್ಲಿದೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಿತು. ಬಳಿಕ ಎಂಆರ್‌ಐ ಬಂತು. ಮಿದುಳಿನ ಕೆಲಸ ಮಾಡುವ ಭಾಗಕ್ಕೆ ಹರಿಯುವ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಬದಲಾಗುತ್ತದೆ. ಆ ಬದಲಾವಣೆಯನ್ನೇ ಸೂಚಕವಾಗಿ ಬಳಸಬಹುದೆಂದು ಸೇಜಿ ಒಗಾವ 1990ರಲ್ಲಿ ತೋರಿಸಿದರು. ಎಫ್‌ಎಂಆರ್‌ಐ ವಿಧಾನ ಅದರ ಫಲ.

1970ರ ದಶಕದ ಕೊನೆಗೆ ಇಇಜಿ ಅಲೆಗಳನ್ನು ಕಂಪ್ಯೂಟರಿನಿಂದ ಬಣ್ಣದ ನಕ್ಷೆಯಾಗಿಸುವ ತಂತ್ರ ಹೊರಬಂತು. ಚಿತ್ರಗಳು ಆಕರ್ಷಕ, ಆದರೆ ರೋಗಿ ಕಣ್ಣು ಮಿಟುಕಿಸಿದರೂ ಬಣ್ಣ ಬದಲಾಗುತ್ತದೆ. 1997ರಲ್ಲಿ ಅಮೆರಿಕದ ನರವಿಜ್ಞಾನ ಅಕಾಡೆಮಿ, ಇಂಥ ನಕ್ಷೆಯನ್ನು ಅನುಭವಿ ತಜ್ಞರು ಸಾಮಾನ್ಯ ಇಇಜಿಗೆ ಪೂರಕವಾಗಿ ಮಾತ್ರ ಬಳಸಬೇಕೆಂದು ಎಚ್ಚರಿಸಿತು. ತನಿಖೆಯ ವಿಷಯಕ್ಕೆ ಬಂದರೆ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ತೀರ್ಪು ಸ್ಪಷ್ಟ: ಒಪ್ಪಿಗೆಯಿಲ್ಲದೆ ಯಾರನ್ನೂ ಬ್ರೈನ್ ಮ್ಯಾಪಿಂಗ್‌ಗೆ ಒಳಪಡಿಸುವಂತಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಔಷಧಕ್ಕೆ ಬಗ್ಗದ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ನಿರ್ಧರಿಸುವಾಗ ವಿಡಿಯೊ ಇಇಜಿ, ಎಂಆರ್‌ಐಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡುತ್ತಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮಿದುಳು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಧ್ಯಯನ ಮಾಡುತ್ತಿದೆ.

ಇಷ್ಟೆಲ್ಲ ಯಂತ್ರಗಳು ಬಂದ ಮೇಲೂ ಒಂದು ಇಇಜಿ ಸಹಜವಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲ ಎನ್ನಲಾಗದು. ಸೆಳೆತ ಯಾವ ಅಂಗದಲ್ಲಿ ಶುರುವಾಯಿತು, ಎತ್ತ ಹರಡಿತು, ಎಚ್ಚರ ಯಾವಾಗ ತಪ್ಪಿತು ಎಂದು ತಜ್ಞರು ಈಗಲೂ ಕೇಳುತ್ತಾರೆ. ಮನೆಯವರು ಅದನ್ನು ಗಮನಿಸಿ ಹೇಳಬೇಕು; ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ತೆಗೆದು ವೈದ್ಯರಿಗೆ ತೋರಿಸಬೇಕು.