ಮರ ಅಪ್ಪಿದ ಸುದ್ದಿ ಹಬ್ಬಿದ ಬಗೆ

ಅಡಿಕೆ ಧಾರಣೆಯಿಂದ ಯಕ್ಷಗಾನದ ಆಮಂತ್ರಣದವರೆಗೆ ಎಲ್ಲವೂ ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ವಾಟ್ಸ್‌ಆ್ಯಪ್ ಮೂಲಕವೇ ಹರಿದಾಡುತ್ತದೆಯಾದರೂ, ಸಾರ್ವಜನಿಕ ಸಂಪರ್ಕದ, ಅಂದರೆ ಜನರ ವಿಶ್ವಾಸ ಗಳಿಸಲು ನಡೆಸುವ ಸಂವಹನದ, ದೃಷ್ಟಿಯಿಂದ ಈ ಸೀಮೆಯ ಶ್ರೇಷ್ಠ ಪ್ರಯತ್ನ ನಡೆದದ್ದು ಮೊಬೈಲ್ ಇಲ್ಲದ ಕಾಲದಲ್ಲಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿತಕ್ಕೆ ಗುರಿಯಾಗಿದ್ದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯಿಂದ ಪ್ರೇರಣೆ ಪಡೆದ ಈ ಹೋರಾಟಕ್ಕೆ ‘ಅಪ್ಪಿಕೊಳ್ಳು’ ಎಂಬ ಕನ್ನಡ ಕ್ರಿಯಾಪದದಿಂದಲೇ ‘ಅಪ್ಪಿಕೋ’ ಎಂಬ ಹೆಸರು ಬಂದಿತು. ಹೆಸರೇ ಕರೆಯೂ ಆದದ್ದು ಅದರ ದೊಡ್ಡ ಬಲ. ಹೋರಾಟದ ಮುಂದಾಳು ಪಾಂಡುರಂಗ ಹೆಗಡೆ ಮತ್ತು ಸಂಗಡಿಗರು ಪಾದಯಾತ್ರೆ, ಜನಪದ ಹಾಡು, ಯಕ್ಷಗಾನ, ಸ್ಲೈಡ್ ಪ್ರದರ್ಶನಗಳ ಮೂಲಕ ಊರೂರಿಗೆ ಮುಟ್ಟಿಸಿದ ಮಾತು, ಕೇಳುಗರು ಅಲ್ಲಿಯೇ ಎದ್ದು ಪ್ರಶ್ನಿಸಬಹುದಾಗಿದ್ದುದರಿಂದ, ಗಟ್ಟಿಯಾಗಿ ನಿಂತಿತು. ಮುಂದೆ ಸರ್ಕಾರ ಇಲ್ಲಿನ ನೈಸರ್ಗಿಕ ಕಾಡುಗಳಲ್ಲಿ ಹಸಿಮರ ಕಡಿಯುವುದನ್ನು ನಿಲ್ಲಿಸಿತು.