ಕಂಚಿನ ಸರ್ಪ: ಒಂದು ಸಂಕೇತದ ಚರಿತ್ರೆ

ಧರ್ಮಗ್ರಂಥಗಳಲ್ಲಿ ಬರುವ ಪ್ರತಿಯೊಂದು ಸಂಕೇತಕ್ಕೂ ಸ್ಥಿರವಾದ ಅರ್ಥವೊಂದುಂಟೆಂದೂ, ನಿಘಂಟಿನಲ್ಲಿ ಪದವನ್ನು ಹುಡುಕುವಂತೆ ಅದನ್ನು ಹುಡುಕಿ ತಿಳಿಯಬಹುದೆಂದೂ ಭಾವಿಸುವುದು ವಾಡಿಕೆ. ಕುರಿಮರಿಯೆಂದರೆ ಬಲಿ, ಪಾರಿವಾಳವೆಂದರೆ ಪವಿತ್ರಾತ್ಮ, ಸರ್ಪವೆಂದರೆ ಪಾಪ ಎಂಬ ಬಗೆಯ ಪಟ್ಟಿಗಳು ಬೈಬಲ್ಲಿನ ಓದುಗರಿಗೆ ಪರಿಚಿತವಾದವು. ಆದರೆ ಇಂಥ ಪಟ್ಟಿಗೆ ಒಳಪಡದ ವಸ್ತುವೊಂದು ಆ ಗ್ರಂಥದಲ್ಲಿಯೇ ಇದೆ. ದೇವರ ಅಪ್ಪಣೆಯಿಂದ ನಿರ್ಮಿತವಾಗಿ, ದೈವಭಕ್ತನಾದ ಅರಸನೊಬ್ಬನಿಂದಲೇ ಪುಡಿಯಾಗಿ, ಸುಮಾರು ಎಂಟು ಶತಮಾನಗಳ ಅನಂತರ ಮತ್ತೆ ಸಂಕೇತವಾಗಿ ತಲೆಯೆತ್ತಿದ ಆ ವಸ್ತುವೇ ಮೋಶೆಯ ಕಂಚಿನ ಸರ್ಪ.

ಅರಣ್ಯಕಾಂಡದ ೨೧ನೆಯ ಅಧ್ಯಾಯದಲ್ಲಿ ಇದರ ಮೂಲಕಥೆಯಿದೆ. ಎದೋಮ್ ದೇಶವನ್ನು ಸುತ್ತಿಕೊಂಡು ಹೋಗಬೇಕಾಗಿ ಬಂದ ಇಸ್ರಾಯೇಲ್ಯರು ಅನ್ನನೀರಿಲ್ಲವೆಂದು ಗೊಣಗಿದರು. ಅವರ ನಡುವೆ ವಿಷಸರ್ಪಗಳು ಬಂದು ಬಹುಜನರು ಸತ್ತರು. ಜನರು ಪಶ್ಚಾತ್ತಾಪಪಡಲು, ದೈವಾಜ್ಞೆಯಂತೆ ಮೋಶೆಯು ಸರ್ಪವೊಂದನ್ನು ಮಾಡಿ ಕಂಬದ ಮೇಲೆ ನಿಲ್ಲಿಸಿದನು. ಅದನ್ನು ನೋಡಿದವರು ಬದುಕಿಕೊಂಡರು. ಇಲ್ಲಿ ಮೂಲ ಹೀಬ್ರೂ ಪದಗಳು ಗಮನಾರ್ಹವಾಗಿವೆ. ಸರ್ಪಕ್ಕೆ ‘ನಾಹಾಷ್’ ಎಂದೂ, ತಾಮ್ರ ಅಥವಾ ಕಂಚಿಗೆ ‘ನೆಹೋಷೆತ್’ ಎಂದೂ ಹೆಸರು. ದೈವಾಜ್ಞೆಯಲ್ಲಿ ಬರುವ ‘ಸಾರಾಫ್’ ಎಂಬ ಪದ ಸುಡುವುದೆಂಬ ಅರ್ಥದ ಧಾತುವಿಗೆ ಸಂಬಂಧಿಸಿದುದು. ಯೆಶಾಯನ ಗ್ರಂಥದ ೬ನೆಯ ಅಧ್ಯಾಯದಲ್ಲಿ ದೇವರ ಸಿಂಹಾಸನದ ಬಳಿ ನಿಂತಿರುವ ಆರು ರೆಕ್ಕೆಗಳ ಜೀವಿಗಳಿಗೂ ಅದೇ ಹೆಸರಿದೆ. ಕೊಲ್ಲುವ ಹಾವನ್ನೂ ಸ್ತುತಿಸುವ ದಿವ್ಯಜೀವಿಯನ್ನೂ ಒಂದೇ ಪದ ಸೂಚಿಸುವುದರಿಂದ, ಈ ಸಂಕೇತದ ಇಬ್ಬಗೆ ಅದರ ಹುಟ್ಟಿನಲ್ಲಿಯೇ ಅಡಗಿದೆಯೆನ್ನಬಹುದು.

ಲೋಹದ ಸರ್ಪವು ಆ ನಾಡಿಗೆ ಅಪರಿಚಿತವಾದುದಾಗಿರಲಿಲ್ಲ. ಅಕಾಬಾ ಕೊಲ್ಲಿಯ ಉತ್ತರಕ್ಕಿರುವ ತಿಮ್ನಾ ಕಣಿವೆಯ ಪ್ರಾಚೀನ ತಾಮ್ರದ ಗಣಿಗಳ ನಡುವೆ, ೧೯೬೯ರಲ್ಲಿ, ಬೆನೊ ರೋಥೆನ್‌ಬರ್ಗ್ ಎಂಬ ಸಂಶೋಧಕರ ಉತ್ಖನನದಲ್ಲಿ ತಲೆಗೆ ಚಿನ್ನದ ಲೇಪವಿದ್ದ ಚಿಕ್ಕ ತಾಮ್ರದ ಸರ್ಪವೊಂದು ದೊರೆಯಿತು. ಅದು ಸಿಕ್ಕಿದ್ದು ಮಿದ್ಯಾನರದೆಂದು ಹೇಳಲಾದ ಗುಡಾರದ ಗುಡಿಯೊಂದರಲ್ಲಿ. ಮೋಶೆಯ ಮಾವನು ಮಿದ್ಯಾನಿನ ಯಾಜಕನಾಗಿದ್ದನೆಂದು ವಿಮೋಚನಕಾಂಡವು ಹೇಳುತ್ತದೆ. ಇದರಿಂದ ಮೋಶೆಯ ಕಥೆ ಸಿದ್ಧವಾಯಿತೆಂದು ಹೇಳಲಾಗದಿದ್ದರೂ, ಕಥೆಯ ಹಿನ್ನೆಲೆಯಲ್ಲಿ ಜೀವಂತವಾದ ಆರಾಧನಾ ಪದ್ಧತಿಯೊಂದು ಇದ್ದಿತೆಂಬುದು ವಿಶದವಾಗುತ್ತದೆ.

ಅರಣ್ಯದ ಆ ಘಟನೆಯ ಬಳಿಕ ಗ್ರಂಥವು ಈ ಸರ್ಪದ ವಿಷಯದಲ್ಲಿ ಬಹುಕಾಲ ಮೌನವಾಗಿದೆ. ಅದು ಮತ್ತೆ ಕಾಣಿಸಿಕೊಳ್ಳುವುದು ಎರಡನೆಯ ಅರಸುಗಳ ೧೮ನೆಯ ಅಧ್ಯಾಯದಲ್ಲಿ, ತನ್ನ ಅಂತ್ಯದ ಗಳಿಗೆಯಲ್ಲಿ. ಕ್ರಿ. ಪೂ. ೮ನೆಯ ಶತಮಾನದ ಕೊನೆಯಲ್ಲಿ ಯೆಹೂದ ರಾಜ್ಯವನ್ನಾಳಿದ ಹಿಜ್ಕೀಯನು ಪೂಜಾಸ್ಥಳಗಳನ್ನು ಕೆಡವಿಸಿದಾಗ ಈ ಸರ್ಪವನ್ನೂ ಚೂರುಚೂರು ಮಾಡಿಸಿದನು. ಏಕೆಂದರೆ ಜನರು ಆವರೆಗೂ ಅದಕ್ಕೆ ಧೂಪ ಹಾಕುತ್ತಿದ್ದರು. ‘ನೆಹುಷ್ಟಾನ್’ ಎಂಬ ಹೆಸರು ಬರುವುದು ಇಲ್ಲಿಯೇ. ಜನರು ಭಕ್ತಿಯಿಂದ ಹಾಗೆ ಕರೆಯುತ್ತಿದ್ದರೋ, ಕೇವಲ ಕಂಚಿನ ತುಂಡೆಂದು ಅರಸನೇ ಹಳಿದನೋ, ಮೂಲ ವಾಕ್ಯವು ಎರಡಕ್ಕೂ ಎಡೆಗೊಡುತ್ತದೆ.

ಅರಸನ ಈ ಕಾರ್ಯದ ಗಾಂಭೀರ್ಯವನ್ನು ಸುಲಭವಾಗಿ ಮರೆಯಬಾರದು. ಅವನು ಒಡೆದುದು ಪರದೇವತೆಯ ವಿಗ್ರಹವನ್ನಲ್ಲ. ಧರ್ಮಶಾಸ್ತ್ರವನ್ನು ಕೊಟ್ಟ ಮೋಶೆಯೇ ಕೈಯಾರೆ ಮಾಡಿದನೆಂದು ನಂಬಲಾಗಿದ್ದ ಪೂರ್ವಾರ್ಜಿತವನ್ನು. ಕ್ರಿ. ಪೂ. ೭೦೧ರಲ್ಲಿ ಅಶ್ಶೂರದ ಸನ್ಹೇರೀಬನು ದಂಡೆತ್ತಿ ಬಂದಾಗ, ನಿಮ್ಮ ಅರಸನು ನಿಮ್ಮ ದೇವರ ಪೂಜಾಸ್ಥಳಗಳನ್ನೇ ಹಾಳುಮಾಡಿದವನಲ್ಲವೇ ಎಂಬರ್ಥದಲ್ಲಿ ಅವನ ಅಧಿಕಾರಿಯು ಯೆರೂಸಲೇಮಿನವರನ್ನು ಹಂಗಿಸಿದನೆಂದು ಅದೇ ಅಧ್ಯಾಯ ತಿಳಿಸುತ್ತದೆ. ಶತ್ರುವಿನ ಬಾಯಲ್ಲಿ ಸುಧಾರಣೆಯೇ ಅಸ್ತ್ರವಾಯಿತು. ಇಷ್ಟಾದರೂ ಹಿಜ್ಕೀಯನು ಎಲ್ಲ ಸಂಕೇತಗಳಿಗೂ ವೈರಿಯಾಗಿರಲಿಲ್ಲ. ೨೦೧೫ರಲ್ಲಿ ಪ್ರಕಟವಾದ ಅವನ ಮುದ್ರೆಯ ಅಚ್ಚಿನಲ್ಲಿ ರೆಕ್ಕೆಯುಳ್ಳ ಸೂರ್ಯಬಿಂಬವೂ ಅದರ ಎರಡು ಪಕ್ಕಗಳಲ್ಲಿ ಈಜಿಪ್ಟಿನ ಜೀವಚಿಹ್ನೆಗಳೂ ಕಾಣುತ್ತವೆ. ಅವನ ಆಕ್ಷೇಪಣೆ ಚಿತ್ರಕ್ಕಲ್ಲ, ಚಿತ್ರಕ್ಕೆ ಏರಿದ ಧೂಪಕ್ಕೆ.

ಮುಂದಿನ ಪಂಡಿತರನ್ನು ಈ ಪ್ರಶ್ನೆ ಬಿಡದೆ ಕಾಡಿತು. ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಸೊಲೊಮೋನನ ಜ್ಞಾನಗ್ರಂಥ’ವು, ಜನರನ್ನು ಉಳಿಸಿದುದು ಅವರು ಕಂಡ ವಸ್ತುವಲ್ಲ, ದೇವರೇ ಎಂದು ವಿವರಿಸಿತು. ಸುಮಾರು ಕ್ರಿ. ಶ. ೨೦೦ರಲ್ಲಿ ಸಂಕಲಿತವಾದ ಮಿಷ್ನಾ ಕೂಡ, ಮೇಲಕ್ಕೆ ಕಣ್ಣೆತ್ತಿ ಮನಸ್ಸನ್ನು ದೇವರಿಗೆ ಒಪ್ಪಿಸಿದವರು ಗುಣಹೊಂದಿದರೆಂಬ ಅಭಿಪ್ರಾಯವನ್ನು ಕೊಡುತ್ತದೆ. ಬ್ಯಾಬಿಲೋನಿನ ತಾಲ್ಮೂದಿನಲ್ಲಿ ಇನ್ನೂ ಸೂಕ್ಷ್ಮವಾದ ಶಂಕೆಯೊಂದಿದೆ: ವಿಗ್ರಹಗಳನ್ನು ನಾಶಮಾಡಿದ ಹಿಂದಿನ ಧರ್ಮಿಷ್ಠ ಅರಸರು ಈ ಸರ್ಪವನ್ನೇಕೆ ಉಳಿಸಿದರು? ಹಿಜ್ಕೀಯನು ಕೀರ್ತಿಗಳಿಸಲೆಂದು ಪೂರ್ವಿಕರು ಅವನಿಗೊಂದು ಎಡೆಯನ್ನು ಬಿಟ್ಟುಹೋಗಿದ್ದರು ಎಂಬುದೇ ಅಲ್ಲಿಯ ಸಮಾಧಾನ.

ಯೋಹಾನನ ಸುವಾರ್ತೆಯು ಮತ್ತೊಂದು ದಾರಿಯನ್ನು ಹಿಡಿಯಿತು. ಅದರ ೩ನೆಯ ಅಧ್ಯಾಯದಲ್ಲಿ, ರಾತ್ರಿಯ ವೇಳೆ ಬಂದ ನಿಕೊದೇಮನೊಡನೆ ಮಾತನಾಡುತ್ತ ಯೇಸು, ಮೋಶೆ ಎತ್ತಿ ನಿಲ್ಲಿಸಿದ ಸರ್ಪಕ್ಕೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಅಲ್ಲಿಯ ಗ್ರೀಕ್ ಕ್ರಿಯಾಪದಕ್ಕೆ ಮೇಲಕ್ಕೆತ್ತು, ಮಹಿಮೆಗೇರಿಸು ಎಂಬ ಎರಡರ್ಥಗಳೂ ಉಂಟು; ಶಿಲುಬೆಯ ಅವಮಾನ ಮತ್ತು ಮಹಿಮೆಗಳೆರಡೂ ಒಂದೇ ಪದದಲ್ಲಿ ಕೂಡಿವೆ. ಆದರೆ ಹಳೆಯ ಅಪಾಯ ತಪ್ಪಲಿಲ್ಲ. ಮೋಶೆಯೂ ಸರ್ಪವನ್ನು ಮಾಡಲಿಲ್ಲವೇ ಎಂದು ವಿಗ್ರಹ ಮಾಡುವ ಶಿಲ್ಪಿಗಳು ವಾದಿಸಬಹುದೆಂದು ಟೆರ್ಟುಲಿಯನ್ನನು ಅದಕ್ಕೆ ಉತ್ತರ ಬರೆಯಬೇಕಾಯಿತು. ಮಿಲಾನ್ ನಗರದ ಸಂತ ಅಂಬ್ರೋಸನ ದೇವಾಲಯದೊಳಗೆ ಕಂಬದ ಮೇಲೆ ಕಂಚಿನ ಸರ್ಪವೊಂದಿದೆ. ಅದು ೧೧ನೆಯ ಶತಮಾನದ ಆರಂಭದಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ಬಂದಿತೆಂದು ಪ್ರತೀತಿ. ಅದೇ ಮೋಶೆಯ ಸರ್ಪವೆಂಬ ನಂಬಿಕೆಯೂ ಬೆಳೆಯಿತು. ಗ್ರಂಥವು ಪುಡಿಯಾಯಿತೆಂದು ಸ್ಪಷ್ಟವಾಗಿ ಹೇಳಿದ ವಸ್ತುವನ್ನು ಗ್ರಂಥನಿಷ್ಠರೇ ಮತ್ತೆ ಕಂಬದ ಮೇಲೆ ಕಂಡರು.

ಲೋಹವನ್ನು ಒಡೆದ ಅರಸನು ಕಥೆಯನ್ನು ಅಳಿಸಲಿಲ್ಲ. ಕಥೆಯನ್ನು ಉಳಿಸಿದ ಗ್ರಂಥವು ಒಡೆದುದನ್ನೂ ಮರೆಮಾಚಲಿಲ್ಲ. ಲೋಹವು ಉಳಿದಿದ್ದರೆ ಅದು ಧೂಪವನ್ನಷ್ಟೇ ಕೇಳುತ್ತಿತ್ತೇನೋ. ಅದು ಹೋದುದರಿಂದಲೇ ಯೋಹಾನನ ಕಾಲಕ್ಕೆ ಮೋಶೆಯ ಸರ್ಪವು ಮತ್ತೊಮ್ಮೆ ಮಾತಾಗಿ, ಹೊಸ ಅರ್ಥವನ್ನು ಹೊರಲು ಶಕ್ತವಾಯಿತು. ಪೂರ್ವಿಕರು ಬಿಟ್ಟುಹೋದುದರಲ್ಲಿ ಕಾಪಾಡಬೇಕಾದುದಾವುದು, ಒಡೆಯಬೇಕಾದುದಾವುದು ಎಂಬ ವಿವೇಚನೆಯನ್ನು ಪ್ರತಿಯೊಂದು ತಲೆಮಾರೂ ತಾನೇ ಮಾಡಬೇಕಾಗುತ್ತದೆ. ತಾಲ್ಮೂದಿನ ಪಂಡಿತರು ಹೇಳಿದ ಆ ಎಡೆ ಇದೇ ಆಗಿದೆ.